ಎಡಕ್ಕೆ ಜಗ್ಗುವ ಗಾಡಿ

ನಾನು ಒಂದು ಸಣ್ಣ ಬಿಳಿ ಕಾರು. ಬಿಳಿ ಅಂದರೆ ಹುಟ್ಟಿದಾಗ ಬಿಳಿ. ಧಾರವಾಡದ ಕೆಂಪು ಧೂಳು ಕುಡಿದೂ ಕುಡಿದೂ ಆಮೇಲೆ ಚಹಾದ ಬಣ್ಣಕ್ಕೆ ಬಂದೆ. ಕಾರ್ಖಾನೆಯಲ್ಲಿ ನನಗೆ ಜೀವ ಬಂದ ದಿನ ಕಣ್ಣೆದುರು ನೆಲದ ಮೇಲೊಂದು ನೆಟ್ಟಗಿನ ಹಳದಿ ಗೆರೆ ಇತ್ತು. ಅದರ ಮೇಲೆ ಓಡಿಸಿದರು, ಓಡಿದೆ. ನೆಟ್ಟಗೆ ಓಡುವುದೂ ಒಂದು ಭಾಗ್ಯ ಅಂತ ಆ ವಯಸ್ಸಿನಲ್ಲಿ ಯಾರಿಗೆ ಹೊಳೆಯುತ್ತದೆ? ನನ್ನ ಲಕ್ಷ್ಯವೆಲ್ಲ ಛಾವಣಿಯ ಗಾಜಿನಿಂದ ಇಳಿಯುತ್ತಿದ್ದ ಬಿಸಿಲಿನ ಕಡೆಗಿತ್ತು. ಮೊದಲಿನಿಂದಲೂ ನಾನು ಹಗಲುಗನಸಿನ ಗಾಡಿ.

ನನ್ನ ಮೊದಲ ಯಜಮಾನರು ಕಣ್ಣಿನ ಡಾಕ್ಟರು. ಊರಿಗೆಲ್ಲ ಕಣ್ಣು ಕೊಟ್ಟ ಪುಣ್ಯಾತ್ಮರು, ಒಂದು ಮಳೆಗಾಲದ ಬೆಳಿಗ್ಗೆ ನೀರು ತುಂಬಿದ ಗುಂಡಿಯನ್ನು ಮಾತ್ರ ನೋಡಲಿಲ್ಲ! ನನ್ನ ಮುಂದಿನ ಎಡ ಚಕ್ರ ಧಡಕ್ಕನೆ ಒಳಗೆ ಕೂತಿತು. ಎದ್ದು ಬಂದೆ, ಮೈ ಒರೆಸಿದರು, ಹೊರಗೆ ಏನೂ ಕಾಣಲಿಲ್ಲ. ಒಳಗೆ ಮಾತ್ರ ಏನೋ ಚೂರು ಬಾಗಿತ್ತು. ಮುಂದಿನ ವರ್ಷ ಡಾಕ್ಟರು ಹೊಸ ಕಾರು ತಂದರು. ನನ್ನನ್ನು ಡ್ರೈವಿಂಗ್ ಸ್ಕೂಲಿನ ದಾದಾಪೀರ ಮಾಸ್ತರಿಗೆ ಕೊಟ್ಟುಬಿಟ್ಟರು.

ಮಾಸ್ತರು ನನ್ನ ತಲೆಯ ಮೇಲೆ ಕೆಂಪು ಅಕ್ಷರದ ಬೋರ್ಡು ಕೂರಿಸಿದರು. ಎಡಗಡೆಯ ಸೀಟಿನ ಮುಂದೆ ತಮ್ಮ ಕಾಲಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಹಾಕಿಸಿಕೊಂಡರು. ಊರ ಹೊರಗಿನ ಮೈದಾನದಲ್ಲಿ ಪಾಠ. ಬೆಳಗಿನ ಮಂಜು ಇನ್ನೂ ಹುಲ್ಲಿನ ಮೇಲೆ ಮಲಗಿರುವಾಗಲೇ ನಾವು ಅಲ್ಲಿಗೆ ಹೋಗುತ್ತಿದ್ದೆವು. ಮೈದಾನದ ಎಡ ಅಂಚಿಗೆ ಒಂದು ಹುಣಸೆಮರ. ಕಲಿಯುವವರ ಕೈ ಕೊಂಚ ಸಡಿಲವಾದರೆ ಸಾಕು, ನಾನು ಮೆಲ್ಲಗೆ ಆ ನೆರಳಿನ ಕಡೆಗೆ ತೇಲುತ್ತಿದ್ದೆ. ಅದು ನನ್ನ ಆಸೆ ಅಂತಲೇ ತಿಳಿದಿದ್ದೆ. ವಾಪಸು ಬರುವಾಗ ಮರ ಬಲಕ್ಕಿರುತ್ತಿತ್ತು, ಆಗಲೂ ನಾನು ಹೋಗುತ್ತಿದ್ದುದು ಎಡಕ್ಕೇ. ಆ ಕಡೆಯಿಂದ ಕೆರೆಯ ಗಾಳಿ ಬರುತ್ತದಲ್ಲ, ಅದಕ್ಕೇ ಇರಬೇಕು ಅಂತ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಕನಸು ಕಾಣುವವರಿಗೆ ಕಾರಣಗಳಿಗೇನು ಬರ?

ಆದರೆ ನನ್ನ ಕನಸಿಗೆ ಬೈಸಿಕೊಳ್ಳುತ್ತಿದ್ದವರು ಬೇರೆಯವರು.

"ಗಾಡಿ ಬರೋಬ್ಬರಿ ಐತ್ರಿ, ನಿಮ್ಮ ಕೈ ಸೊಟ್ಟ ಐತಿ! ಬಲಕ್ಕ ಹಿಡೀರಿ, ಬಲಕ್ಕ!" ಇದು ಮಾಸ್ತರ ನಿತ್ಯದ ಮಂತ್ರ. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಹಗಲೆಲ್ಲ ಎಡ ಸೀಟಿನಲ್ಲೇ ಕೂತವರು. ಬೆಳಿಗ್ಗೆ ಸಂಜೆ ಮನೆಗೂ ಮೈದಾನಕ್ಕೂ ತಾವೇ ಓಡಿಸುವಾಗ ಅವರ ಕೈ ತಾನಾಗಿಯೇ ಸ್ಟೀರಿಂಗನ್ನು ಒಂದಿಷ್ಟು ಬಲಕ್ಕೆ ಹಿಡಿದಿರುತ್ತಿತ್ತು. ಅವರ ಕೈಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ. ಅದೂ ಅಲ್ಲದೆ ನಾನೆಂದರೆ ಅವರಿಗೆ ಮಗಳಿದ್ದಂತೆ. ಮಗಳ ನಡಿಗೆಯಲ್ಲಿ ಊನ ಯಾರಿಗೆ ಕಂಡೀತು? ಎಷ್ಟೋ ಜನ ತಮ್ಮ ಕೈಯನ್ನೇ ನೋಡಿಕೊಳ್ಳುತ್ತ ಮೈದಾನದಿಂದ ಹೋದರು. ಕೆಲವರು ಲೈಸನ್ಸ್ ಪಡೆದರು, ಕೆಲವರು ಮತ್ತೆ ಬರಲೇ ಇಲ್ಲ.

ಹೀಗಿರುವಾಗ ಒಂದು ದಿನ ಕಸ್ತೂರೆವ್ವ ಬಂದಳು. ರೊಟ್ಟಿ ಬಡಿಯುವ ಕೈ ಅವಳದು, ಅಂಗೈ ಗಟ್ಟಿ, ಬೆಚ್ಚಗೆ. ಅವಳು ಇಳಿದು ಹೋದಮೇಲೂ ಸ್ಟೀರಿಂಗಿನಲ್ಲಿ ಜೋಳದ ಹಿಟ್ಟಿನ ವಾಸನೆ ಉಳಿಯುತ್ತಿತ್ತು. ಆ ವಾಸನೆ ಹಿಡಿದುಕೊಂಡು ನಾನು ಮಧ್ಯಾಹ್ನವಿಡೀ ತೂಕಡಿಸುತ್ತಿದ್ದೆ. ಅವಳು, ಜೊತೆಗೆ ಓಣಿಯ ಹೆಂಗಸರು, ಎಲ್ಲ ಸೇರಿ ಒಂದು ಹಾಸ್ಟೆಲಿಗೆ ಬಿಸಿ ರೊಟ್ಟಿ ಕಳಿಸುತ್ತಿದ್ದರು. ಮನೆಯ ಮುಂದೆ ಅವಳದೇ ವ್ಯಾನು ಇತ್ತು, ಓಡಿಸುವವನು ಮಾತ್ರ ಮೈದುನ ಈರಣ್ಣ. ಅವನಿಗೆ ಮನಸ್ಸು ಬಂದಾಗ ಬೆಳಗು! ಹುಡುಗರು ಉಂಡು ಎದ್ದಮೇಲೆ ರೊಟ್ಟಿ ಮುಟ್ಟುತ್ತಿತ್ತು. ಹೀಗೇ ಆದರೆ ಬೇರೆಯವರಿಗೆ ಹೇಳುತ್ತೇವೆ ಎಂದು ಹಾಸ್ಟೆಲಿನವರು ಖಡಾಖಂಡಿತವಾಗಿ ತಿಳಿಸಿದ್ದರು. ಆ ಹೆಂಗಸರ ಒಲೆ ಉರಿಯಬೇಕಾದರೆ ಕಸ್ತೂರೆವ್ವನಿಗೆ ಲೈಸನ್ಸ್ ಸಿಗಲೇಬೇಕಿತ್ತು.

ಪರೀಕ್ಷೆಯ ದಿನ ಅವಳು ನನ್ನನ್ನು ಚೆನ್ನಾಗಿಯೇ ನಡೆಸಿದಳು. ಬಿಳಿ ಗೆರೆಗಳ ನಡುವೆ ನೇರ ಹೋಗುವಾಗ ಇನ್‌ಸ್ಪೆಕ್ಟರು, "ಅಷ್ಟ್ಯಾಕ ಬಿಗಿ ಹಿಡದೀರಿ? ಕೈ ಹಗುರ ಬಿಡ್ರಿ" ಅಂದರು. ದೊಡ್ಡವರ ಮಾತು ಅಂತ ಅವಳು ಬಿಟ್ಟಳು. ನಾನು ತೇಲಿ ಹೋಗಿ ಎಡದ ಗೆರೆ ತುಳಿದೆ. ಅವರು ತಲೆಯಾಡಿಸಿ, "ಕೈ ಇನ್ನೂ ಕೂತಿಲ್ಲ" ಎಂದು ಇಳಿದು ಹೋದರು.

"ನನ್ನ ಕೈನ ಸೊಟ್ಟ ಅದಾವ ಕಾಣತೈತ್ರಿ ಮಾಸ್ತರ," ಅಂದಳು ಕಸ್ತೂರೆವ್ವ. ಆ ದನಿ ಕೇಳಿ ನನಗೆ, ತಾಯೀ, ನಿನ್ನ ಕೈಯಲ್ಲ, ನಾನು, ನಾನು! ಅಂತ ಕೂಗಬೇಕೆನ್ನಿಸಿತು. ನನಗಿರುವ ಬಾಯಿ ಹಾರ್ನೊಂದೇ, ಅದನ್ನೂ ಬೇರೆಯವರೇ ಒತ್ತಬೇಕು.

ಅವಳು ಪಾಠಕ್ಕೆ ಬರುವುದನ್ನು ಬಿಟ್ಟಳು. ನಾನು ಬೇರೆ ಬೇರೆ ಕೈಗಳಲ್ಲಿ ಮೈದಾನ ಸುತ್ತಿದೆ, ಯಾವುದೂ ರುಚಿಸಲಿಲ್ಲ. ಇನ್ನೆಲ್ಲಿ ಬರುತ್ತಾಳೆ ಅಂದುಕೊಂಡಿರುವಾಗ ಒಂದು ಬೆಳಿಗ್ಗೆ ಮಂಜಿನೊಳಗಿಂದ ಸೆರಗು ಬಿಗಿದುಕೊಂಡು ದಾಪುಗಾಲು ಹಾಕುತ್ತ ಬಂದಳು.

"ಮಾಸ್ತರ, ಒಂದ ಮಾತು ಕೇಳತೀನಿ, ಸಿಟ್ಟಾಗಬ್ಯಾಡ್ರಿ. ನಿನ್ನೆ ಧೈರ್ಯಾ ಮಾಡಿ ಓಣ್ಯಾಗ ನಮ್ಮ ವ್ಯಾನ್ ತಗದೆ. ಅದು ಸೀದಾ ಬಲಕ್ಕ ಹೋಗಿ ಗೇಟಿನ ಕಂಬಕ್ಕ ತಿಕ್ಕಿತು. ಈರಣ್ಣ ಬಿದ್ದು ಬಿದ್ದು ನಕ್ಕ, 'ಬಿಡ್ರಿ ವೈನಿ, ಇದು ನಿಮ್ಮ ಕೈಲೆ ಆಗೂದಲ್ಲ' ಅಂದ. ಆಮ್ಯಾಲೆ ರೊಟ್ಟಿ ಬಡಿತ ಬಡಿತ ವಿಚಾರ ಮಾಡಿದೆ. ನನ್ನ ಕೈ ಸೊಟ್ಟ ಇದ್ರ ಎಲ್ಲಾ ಗಾಡ್ಯಾಗೂ ಒಂದ ಕಡೆ ಸೊಟ್ಟ ಇರಬೇಕಲ್ರಿ? ಇಲ್ಲಿ ಎಡಕ್ಕ, ಅಲ್ಲಿ ಬಲಕ್ಕ, ಇದು ಹೆಂಗ?"

ಮಾಸ್ತರು ಬಂದು ಬಲಗಡೆಯ ಸೀಟಿನಲ್ಲಿ ಕೂತರು. ಮೈದಾನದ ನಡುವೆ ನನ್ನನ್ನು ಮೆಲ್ಲಗೆ ಬಿಟ್ಟು, ಎರಡೂ ಕೈ ಮೇಲೆತ್ತಿದರು. ನಾನು ಎಂದಿನಂತೆ ಎಡಕ್ಕೆ ಹೊರಟೆ, ಹೊರಟೆ, ಹುಣಸೆಮರದ ಬುಡಕ್ಕೇ ಬಂದೆ. ಮಾಸ್ತರು ಬ್ರೇಕು ಒತ್ತಿ, ಅಲ್ಲೇ ಸ್ಟೀರಿಂಗಿಗೆ ಹಣೆ ಹಚ್ಚಿ ಕೂತುಬಿಟ್ಟರು. "ಯಾ ಅಲ್ಲಾ, ಎಷ್ಟ ಮಂದಿಗೆ ಬೈದೆ!"

ಅವತ್ತೇ ನನ್ನನ್ನು ಚಕ್ರ ಹೊಂದಿಸುವ ಅಂಗಡಿಗೆ ಒಯ್ದರು. ಕಸ್ತೂರೆವ್ವ ತಾನೂ ನೋಡಬೇಕು ಅಂತ ಜೊತೆಗೇ ಬಂದಳು. ಗಾಳಿ ನೋಡಿದರು, ನಾಲ್ಕೂ ಚಕ್ರಕ್ಕೆ ತಟ್ಟೆಗಳಂಥವನ್ನು ಕಚ್ಚಿಸಿದರು. ಮಿಸ್ತ್ರಿ ಕಂಪ್ಯೂಟರಿನ ಪರದೆ ನೋಡಿ, "ಮಾಸ್ತರ, ಎಡಗಾಲಿ ಹೊರಗ ನೋಡಾಕತ್ತೈತಲ್ರಿ! ಇಷ್ಟ ದಿನ ಇದನ್ನ ಹೆಂಗ ಓಡಿಸಿದ್ರಿ?" ಅಂದ. ಅಂಗಡಿಯವರು ಬಾಗಿದ ಸರಳು ತೆಗೆದು ಬೇರೆಯದು ಹಾಕಿ, ಪರದೆ ನೋಡುತ್ತ ಪಾನಾದಿಂದ ಒಂಚೂರು, ಇನ್ನೊಂಚೂರು ತಿರುಗಿಸಿದರು.

ಕೆಳಗಿಳಿದಾಗ ನಾನು ಬೇರೆಯೇ ಆಗಿದ್ದೆ. ಮರದ ನೆರಳು ಕರೆಯಲಿಲ್ಲ, ಕೆರೆಯ ಗಾಳಿ ಕರೆಯಲಿಲ್ಲ. ಇಷ್ಟು ವರ್ಷ ನನ್ನ ಆಸೆ ಅಂತ ಮುದ್ದಿನಿಂದ ಸಾಕಿಕೊಂಡದ್ದು ಬರೀ ಒಂದು ಡೊಂಕು ಸರಳೇ? ನಿಜ ಹೇಳುತ್ತೇನೆ, ನನಗೆ ಆಗ ಖುಷಿಯಾಗಲಿಲ್ಲ, ಎದೆಯೊಳಗೆ ಖಾಲಿ ಖಾಲಿ ಅನ್ನಿಸಿತು.

ಮರುದಿನ ಮೈದಾನದಲ್ಲಿ ಕಸ್ತೂರೆವ್ವ ಕೂತಳು. ಪಾಪ, ಆ ಕೈ ಬಲಕ್ಕೆ ಹಿಡಿದು ಹಿಡಿದು ಪಳಗಿಬಿಟ್ಟಿತ್ತು. ನಾನು ಬಲಕ್ಕೆ ಓಡಿದೆ.

"ಕೈ ಬಿಡ್ರಿ ಅಕ್ಕಾರ," ಅಂದರು ಮಾಸ್ತರು.

"ಬಿಟ್ರ ಹೊಕ್ಕೈತ್ರಿ!"

"ಹೋಗೂದಿಲ್ಲ. ಇನ್ನೊಂದ ಸಲ ನನ್ನ ಮಾತು ನಂಬ್ರಿ."

ಅವಳು ಕಣ್ಣು ಕಿರಿದು ಮಾಡಿ, ಒಂದೊಂದೇ ಬೆರಳು ಬಿಚ್ಚಿ, ಕೈ ಎತ್ತಿದಳು. ನಾನು ನೆಟ್ಟಗೆ ಹೋದೆ. ಮಂಜು ಎರಡೂ ಕಡೆಗೆ ಸರಿದು ದಾರಿ ಬಿಡುತ್ತಿತ್ತು. ಯಾರೂ ಹಿಡಿಯದೆ, ಯಾರೂ ತಡೆಯದೆ ಹೀಗೆ ಹೋಗುವುದು ಎಷ್ಟು ಹಗುರ! ಖಾಲಿ ಅನ್ನಿಸಿದ್ದ ಎದೆಯಲ್ಲಿ ಆ ಹಗುರವೇ ತುಂಬಿಕೊಂಡಿತು. ಕಸ್ತೂರೆವ್ವ ತನ್ನ ಎರಡೂ ಅಂಗೈ ಮುಖದ ಮುಂದೆ ಹಿಡಿದು ನೋಡಿಕೊಂಡಳು, ನಕ್ಕಳು, ಅತ್ತಳು. ಮಾಸ್ತರು ಮುಖ ಆಚೆ ತಿರುಗಿಸಿದರು.

ಮುಂದಿನ ಪರೀಕ್ಷೆಯಲ್ಲಿ ಅವಳು ಪಾಸಾದಳು. ರೊಟ್ಟಿ ಹೊತ್ತಿಗೆ ಸರಿಯಾಗಿ ಮುಟ್ಟತೊಡಗಿತು, ಹಾಸ್ಟೆಲಿನವರು ಮತ್ತೆ ತಕರಾರು ತೆಗೆಯಲಿಲ್ಲ. ಈರಣ್ಣ ಎಡ ಸೀಟಿನಲ್ಲಿ ರೊಟ್ಟಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ತೆಪ್ಪಗೆ ಹೋಗುವುದನ್ನು ನಾನೇ ಕಂಡಿದ್ದೇನೆ. ಪಾಸಾದ ದಿನ ಮಾಸ್ತರು, "ತಪ್ಪು ನಂದು ಅಕ್ಕಾರ, ಮಾಫ್ ಮಾಡ್ರಿ" ಅಂದಿದ್ದರು. ಅದಕ್ಕೆ ಅವಳು, "ನನಗ ತಿಳೀತಲ್ರಿ, ನಂದು ಮುಗೀತು. ನನಗಿಂತ ಮೊದಲ ಅಳಕೋತ ಹ್ವಾದವ್ರಿಗೆ ಯಾರು ಹೇಳವ್ರು?" ಅಂದಳು.

ಈಗ ನನಗೆ ವಯಸ್ಸಾಗಿದೆ. ಗುಜರಿಯ ಮೂಲೆಯಲ್ಲಿ ಬೇವಿನ ಎಲೆ ಹೊದ್ದುಕೊಂಡು ನಿಂತಿದ್ದೇನೆ. ಚಕ್ರ ಬಿಚ್ಚಿಕೊಂಡು ಹೋದರು, ಕನ್ನಡಿ ಹೋಯಿತು, ಬೇಸರವಿಲ್ಲ. ನಿದ್ದೆ ಎಚ್ಚರಗಳ ನಡುವೆ ಊರಿನ ಓಣಿಗಳು ಬರುತ್ತವೆ. ಕಸ್ತೂರೆವ್ವನ ಆ ಮಾತಿನ ಮೇಲೆ ಮಾಸ್ತರು ರವಿವಾರ ರವಿವಾರ ನನ್ನನ್ನು ಹತ್ತಿ, ಹಾಗೆ ಬಿಟ್ಟುಹೋದ ಒಬ್ಬೊಬ್ಬರ ಮನೆ ಹುಡುಕಿದರು. ಕೆಲವರು ನಕ್ಕರು, ಒಬ್ಬರು ಬಾಗಿಲು ಹಾಕಿಕೊಂಡರು. ಎಲ್ಲಕ್ಕಿಂತ ಹೆಚ್ಚು ನೆನಪಿಗೆ ಬರುವುದು ನರ್ಸ್ ಆಗಿದ್ದ ಸುಲೋಚನಾಬಾಯಿಯವರ ಅಂಗಳ. ನನ್ನಲ್ಲಿ ಕಲಿಯಲು ಬಂದು, ಕೈ ಸೊಟ್ಟ ಅನ್ನಿಸಿಕೊಂಡು ಬಿಟ್ಟುಹೋದವರು. ಮಾಸ್ತರು ಹೇಳಿದ್ದನ್ನೆಲ್ಲ ಅವರು ನಿಂತೇ ಕೇಳಿದರು.

"ನನ್ನ ಮಗಳು ಗಾಡಿ ಕಲೀತೀನಿ ಅಂದಾಗ ನಾನ ಬ್ಯಾಡ ಅಂದೆ ಮಾಸ್ತರ," ಅಂದರು ಕೊನೆಗೆ. "ನಮ್ಮ ಮನಿತನದ ಕೈನ ಸೊಟ್ಟ ಅಂತ ಹೇಳಿಬಿಟ್ಟೆ."

ಮಾಸ್ತರು ತಲೆ ತಗ್ಗಿಸಿದರು. ಬಾಗಿಲಲ್ಲಿ ಆ ಮಗಳು ನಿಂತಿದ್ದಳು, ಅವಳ ಕಿವಿಯ ಹತ್ತಿರ ಆಗಲೇ ಒಂದೆರಡು ಬಿಳಿ ಕೂದಲು. ಸುಲೋಚನಾಬಾಯಿ ನನ್ನ ಬಳಿ ಬಂದರು, ಒಳಗೆ ಕೂರಲಿಲ್ಲ. ಬಲಗಡೆಯ ಬಾಗಿಲು ತೆರೆದು, ಹಾಗೇ ಹಿಡಿದುಕೊಂಡು, ಮಗಳ ಕಡೆ ನೋಡಿದರು.

"ಬಾ, ಕೂಡು."