ಚೀಲದ ವಕೀಲೆ

ಯಾವ ಬಾಗಿಲನ್ನು ದಾಟುವಾಗಲೂ ಆಕೆ ಒಂದು ಗಳಿಗೆ ನಿಲ್ಲುತ್ತಿದ್ದರು. ನ್ಯಾಯಾಲಯದ ಎತ್ತರದ ಕದವಿರಲಿ, ತಮ್ಮದೇ ಕಚೇರಿಯ ಬಣ್ಣಗೆಟ್ಟ ಬಾಗಿಲಿರಲಿ, ಹೊಸ್ತಿಲಿನ ಈಚೆ ಎರಡೂ ಪಾದಗಳನ್ನು ಜೋಡಿಸಿ, ಮರೆತದ್ದೇನನ್ನೋ ನೆನೆದುಕೊಳ್ಳುವವರಂತೆ ಕಣ್ಣು ಅರೆಮುಚ್ಚಿ, ಅನಂತರವೇ ಒಳಗೆ ಬರುತ್ತಿದ್ದರು. ಹಿಂದೆ ಬರುತ್ತಿದ್ದವರು ಮುಗ್ಗರಿಸಿ ಅವರ ಬೆನ್ನಿಗೆ ತಾಗುವುದೂ ಇತ್ತು. ಆಗ ತಿರುಗಿಯೂ ನೋಡದೆ ‘ನಿಧಾನ’ ಎನ್ನುವರು. ಉಳಿದ ನಡಿಗೆಯೆಲ್ಲ ತುಂಬಿದ ಬಟ್ಟಲನ್ನು ಕೈಯಲ್ಲಿ ಹಿಡಿದವರದು.

ದಂಪತಿಗಳ ವಿಚ್ಛೇದನದ ಪ್ರಕರಣಗಳನ್ನಷ್ಟೇ ನಡೆಸುತ್ತಿದ್ದ ಈ ವಕೀಲೆಗೆ ಸಹೋದ್ಯೋಗಿಗಳು ಇಟ್ಟಿದ್ದ ಹೆಸರು ‘ಚೀಲದಮ್ಮ’. ಅದಕ್ಕೆ ಕಾರಣ ಅವರ ಮೇಜಿನ ಕೆಳಗಿದ್ದ ನೀಲಿಯ ಶಾಲಾಚೀಲ. ಒಳಗೆ ಹಳೆಯ ಕಾನೂನು ಪುಸ್ತಕಗಳು, ಪಕ್ಕದ ಜೇಬಿನಲ್ಲಿ ನೀರು ತುಂಬಿದ ಬಾಟಲಿ. ಒಟ್ಟಿನಲ್ಲಿ ಒಂದು ಮಗು ಬೆನ್ನಿಗೆ ಹಾಕಿಕೊಳ್ಳುವಷ್ಟು ಭಾರ. ಮಕ್ಕಳಿರುವ ದಂಪತಿಗಳು ಬಂದರೆ, ಅರ್ಜಿಯ ಮೊದಲ ಸಾಲನ್ನು ಬರೆಯುವ ಮೊದಲು, ಆ ಚೀಲವನ್ನು ಬಾಗಿಲಿನಲ್ಲಿ ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸುವ ಅಭ್ಯಾಸವನ್ನು ಆಕೆ ಮಾಡಿಸುತ್ತಿದ್ದರು. ಕಲಿಸುತ್ತಿದ್ದ ನಿಯಮ ಒಂದೇ: ತೆಗೆದುಕೊಳ್ಳುವ ಕೈ ಗಟ್ಟಿಯಾಗಿ ಹಿಡಿಯುವವರೆಗೆ ಕೊಡುವ ಕೈ ಬಿಡತಕ್ಕದ್ದಲ್ಲ. ಕೇಳುವುದಕ್ಕೆ ಮಕ್ಕಳಾಟ. ಆದರೆ ವರ್ಷಗಟ್ಟಲೆ ಮನೆಯೊಳಗೆ ನುಂಗಿಕೊಂಡದ್ದೆಲ್ಲ ಆ ಚೀಲದ ಪಟ್ಟಿಯ ಮೇಲೆ ಬಂದು ಕೂರುತ್ತಿತ್ತು. ಬಂದವರಲ್ಲಿ ಬಹಳ ಮಂದಿ ಎಳೆದಾಡುತ್ತಿದ್ದರು; ಪಟ್ಟಿ ಕಿತ್ತು, ಚೀಲ ಕೆಳಗಿನ ದರ್ಜಿಯ ಅಂಗಡಿಗೆ ಇಳಿಯುತ್ತಿತ್ತು.

‘ವಕೀಲರೇ, ಈ ಸಲ ಯಾರ ಕೈವಾಡ?’ ಎಂದು ದರ್ಜಿ ಕೇಳುವನು. ‘ಗಂಡಂದೋ, ಹೆಂಡತೀದೋ?’

‘ಇಬ್ಬರ ಅತ್ತೆಯಂದಿರದೂ.’

‘ಹಾಗಾದ್ರೆ ಎರಡು ಹೊಲಿಗೆ ಹಾಕ್ತೀನಿ ಬಿಡಿ.’

ಮಾತಿನ ನಡುವೆ ವಕೀಲೆಯ ರೂಢಿಯ ಪದ ‘ಆಮೇಲೆ?’ ಎಂಬುದು. ದನಿಯಲ್ಲಿ ವ್ಯಂಗ್ಯವಿಲ್ಲ, ಕಥೆ ಕೇಳುವ ಮಗುವಿನ ಕುತೂಹಲವಷ್ಟೆ. ‘ಅವನನ್ನ ಬೀದಿಗೆ ತರ್ತೀನಿ’ ಎಂದು ಒಬ್ಬಾಕೆ ಮೇಜು ಕುಟ್ಟಿದಾಗ, ‘ತನ್ನಿ. ಆಮೇಲೆ?’ ಎಂದರಂತೆ. ಆಮೇಲೇನು ಎಂದು ಅವಳು ಯೋಚಿಸಿರಲಿಲ್ಲ. ಕುಳಿತು ನೀರು ಕುಡಿದಳಂತೆ. ಇನ್ನು ಕಪ್ಪು ಕೋಟು. ಕಚೇರಿಯಲ್ಲಿ ಅದು ಗೋಡೆಯ ಮೊಳೆಗೆ ಸದಾ ಬೆನ್ನು ತಿರುಗಿಸಿಕೊಂಡು ತೂಗುತ್ತಿತ್ತು. ಕೇಳಿದರೆ, ‘ಅದು ಇಲ್ಲಿಯ ಮಾತು ಕೇಳಿಸ್ಕೋಬಾರ್ದು. ಅಲ್ಲಿ ಹೋಗಿ ವಾದ ಮಾಡುತ್ತೆ’ ಎನ್ನುವರು.

ನಾನು ಅವರನ್ನು ಹತ್ತಿರದಿಂದ ಕಂಡದ್ದು ತಂಗಿಯ ಜೊತೆ ಹೋದಾಗ. ತಂಗಿಯೂ ಅವಳ ಗಂಡನೂ ಜಗಳವಾಡಿದವರಲ್ಲ. ಅವರ ದಾಂಪತ್ಯ ಸದ್ದಿಲ್ಲದೆ, ಬಿಸಿಲಿಗಿಟ್ಟ ಬಟ್ಟೆಯ ಬಣ್ಣದಂತೆ, ಯಾರೂ ನೋಡದಿರುವಾಗ ಹೋಗಿಬಿಟ್ಟಿತ್ತು. ಉಳಿದದ್ದು ಅಸಾಧ್ಯವಾದ ಸೌಜನ್ಯ. ಅಂದು ಮಧ್ಯಾಹ್ನ ಕಿಟಕಿಯ ಪರದೆ ಉಬ್ಬಿ ಇಳಿಯುತ್ತಿತ್ತು. ಕೆಳಗಿನಿಂದ ಹೊಲಿಗೆ ಯಂತ್ರಗಳ ಸದ್ದು ದೂರದ ರೈಲಿನಂತೆ ಏರಿ ಬರುತ್ತಿತ್ತು. ಎಲ್ಲರೂ ಅದೇ ರೈಲಿನಲ್ಲಿ ಎಲ್ಲಿಗೋ ಹೊರಟವರಂತೆ ಒಂದೇ ಬೆಂಚಿನ ಮೇಲೆ ಕುಳಿತಿದ್ದೆವು. ಗಂಡ ಹೆಂಡಿರನ್ನು ಎದುರುಬದುರು ಕೂರಿಸುವ ಪದ್ಧತಿ ಆಕೆಗಿರಲಿಲ್ಲ.

‘ಮಗಳ ವಿಷಯ ನಾವೇ ಮಾತಾಡ್ಕೊಂಡಿದ್ದೀವಿ ಮೇಡಂ,’ ಎಂದ ತಂಗಿಯ ಗಂಡ. ‘ಇಬ್ಬರಿಗೂ ಅನ್ಯಾಯ ಆಗಬಾರ್ದು. ವಸತಿ ಶಾಲೆಗೆ ಸೇರಿಸ್ತೀವಿ. ಅದನ್ನೇ ಅರ್ಜೀಲಿ ಬರೆದುಬಿಡಿ.’

‘ಒಳ್ಳೇ ಶಾಲೆ,’ ಎಂದಳು ತಂಗಿ. ‘ಅಣ್ಣನೂ ನೋಡಿ ಬಂದಿದ್ದಾನೆ.’

ನಾನು ನೋಡಿ ಬಂದಿದ್ದೆ. ಸಾಲು ಮಂಚಗಳು, ಒಂದೇ ಬಣ್ಣದ ಹೊದಿಕೆಗಳು, ಸ್ವಚ್ಛವಾದ ನೆಲ. ತಂಗಿಯ ಮಗಳಿಗೆ ಆಗ ಮುಂದಿನ ಹಲ್ಲು ಬಿದ್ದು ಹೊಸದು ಬಂದಿರಲಿಲ್ಲ.

‘ಬರೀತೀನಿ,’ ಎಂದರು ವಕೀಲೆ. ‘ಮೊದಲು ಚೀಲ.’

ತಂಗಿ ಬಾಗಿಲಿನ ಒಳಗೆ, ಅವನು ಹೊರಗೆ ನಿಂತರು. ಅವಳು ಚೀಲ ಚಾಚಿದಳು. ಅವನು ಕೈ ನೀಡಿದ; ಆದರೆ ಎಳೆದಂತಾಗಬಾರದೆಂದು ಬೆರಳುಗಳನ್ನು ಮಡಿಸಲಿಲ್ಲ. ತಡೆದಂತಾಗಬಾರದೆಂದು ಅವಳು ಬಿಟ್ಟಳು. ಚೀಲ ಹೊಸ್ತಿಲಿನ ಮೇಲೆ ದೊಪ್ಪನೆ ಬಿತ್ತು. ಬಾಟಲಿಯ ಮುಚ್ಚಳ ಹಾರಿ, ನೀರು ಸಾವಕಾಶವಾಗಿ ಎರಡೂ ಕಡೆಗೆ ಹರಿಯತೊಡಗಿತು.

‘ಅಯ್ಯೋ, ಸಾರಿ,’ ಎಂದ ಅವನು.

‘ಇಲ್ಲ, ತಪ್ಪು ನಂದೇ,’ ಎಂದಳು ಅವಳು.

ಇನ್ನೊಬ್ಬರು ಎತ್ತಲಿ, ಎತ್ತುವ ಹಕ್ಕು ಅವರದಿರಬಹುದು ಎಂದು ಇಬ್ಬರೂ ನಿಂತೇ ಇದ್ದರು. ನಾನು ಬಾಗಹೊರಟೆ, ವಕೀಲೆ ಕಣ್ಣಿನಲ್ಲೇ ತಡೆದರು. ಪರದೆ ಉಬ್ಬಿತು, ಇಳಿಯಿತು. ನೀರಿನಲ್ಲಿ ಕಿಟಕಿಯ ಬೆಳಕು ಬಿದ್ದು, ಗೋಡೆಯ ಕೋಟಿನ ಮೇಲೆ ನಡುಗುತ್ತಿತ್ತು.

‘ಆಮೇಲೆ?’ ಎಂದರು ಆಕೆ, ಬಹಳ ಮೆಲ್ಲಗೆ.

ತಂಗಿ ನೀರನ್ನೇ ನೋಡುತ್ತ ಹೇಳಿದಳು, ‘ಅವಳಿಗೆ ಹೊಸ ಜಾಗದಲ್ಲಿ ನಿದ್ದೆ ಬರಲ್ಲ.’

‘ಪಾದ ಹಿಡ್ಕೊಂಡು ಕೂತರೆ ಬರುತ್ತೆ,’ ಎಂದ ಅವನು. ‘ಅಲ್ಲಿ ಯಾರು ಹಿಡ್ಕೋತಾರೆ?’

‘ನನ್ನ ಹತ್ರ ಇರಲಿ ಅಂತ ಕೇಳಬೇಕು ಅನ್ನಿಸ್ತಿತ್ತು. ನಿಮಗೆ ನೋವಾಗುತ್ತೇಂತ ಸುಮ್ಮನಾದೆ,’ ಎಂದಳು ತಂಗಿ.

‘ನಾನೂ ಅದಕ್ಕೇ ಕೇಳಲಿಲ್ಲ.’

‘ಈಗ ಕೇಳಿ,’ ಎಂದರು ವಕೀಲೆ. ‘ಇಬ್ಬರೂ ಕೇಳಿ. ಕೇಳೋದು ಜಗಳ ಅಲ್ಲ. ತನ್ನನ್ನ ಯಾರೂ ಕೇಳದೇ ಇದ್ದದ್ದು ಆ ಮಗೂಗೆ ಗೊತ್ತಾಗುತ್ತೆ. ದೊಡ್ಡವಳಾದ ಮೇಲೂ ಗೊತ್ತಿರುತ್ತೆ.’

ಇಬ್ಬರೂ ಒಟ್ಟಿಗೇ ಬಾಗಿದರು. ತಲೆಗೆ ತಲೆ ತಾಗಿತು. ಬಹಳ ದಿನಗಳ ಮೇಲೆ ತಂಗಿ ನಕ್ಕದ್ದನ್ನು ಕಂಡೆ. ಆ ನಗು ಅವರನ್ನು ಮತ್ತೆ ಗಂಡಹೆಂಡಿರನ್ನಾಗಿಸಲಿಲ್ಲ. ಹಾಗಾಗಲೆಂದು ವಕೀಲೆ ಹವಣಿಸಿದವರೂ ಅಲ್ಲ. ವಿಚ್ಛೇದನ ಪರಸ್ಪರ ಒಪ್ಪಿಗೆಯಿಂದಲೇ ಆಯಿತು. ಆದರೆ ಅರ್ಜಿಯಲ್ಲಿ ವಸತಿ ಶಾಲೆಯ ಸಾಲು ಇರಲಿಲ್ಲ. ಶಾಲೆಯ ದಿನಗಳು ತಾಯಿಯ ಮನೆಯಲ್ಲಿ. ವಾರದ ಕೊನೆಯೂ ರಜೆಯ ಅರ್ಧವೂ ತಂದೆಯ ಮನೆಯಲ್ಲಿ. ಜ್ವರ ಬಂದರೆ ಮಗು ಯಾರಲ್ಲಿದ್ದರೂ ಇನ್ನೊಬ್ಬರು ಬಂದು ಪಕ್ಕದಲ್ಲಿ ಕೂರಬಹುದು. ಓದು, ಆಸ್ಪತ್ರೆಗಳ ತೀರ್ಮಾನ ಇಬ್ಬರದು. ಇದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿ, ಗೋಡೆಯತ್ತ ಮುಖ ಮಾಡಿದ್ದ ಕೋಟನ್ನು ತೆಗೆದು ಧರಿಸಿ, ಆಕೆ ಬಾಗಿಲಿನಲ್ಲಿ ಎಂದಿನಂತೆ ಒಂದು ಗಳಿಗೆ ನಿಂತು, ನ್ಯಾಯಾಲಯಕ್ಕೆ ಹೊರಟರು.

ಮೊದಲ ಶನಿವಾರ ನಾನು ತಂಗಿಯ ಮನೆಯಲ್ಲಿದ್ದೆ. ಮಗುವಿನ ಅಪ್ಪ ಬಂದು ಗೇಟಿನ ಆಚೆ ನಿಂತ. ತಂಗಿ ಮಗಳ ಚೀಲ ಚಾಚಿದಳು. ಅವನ ಬೆರಳುಗಳು ಪಟ್ಟಿಯ ಸುತ್ತ ಮಡಿಚಿಕೊಂಡವು. ಅವಳವು ಇನ್ನೂ ಬಿಟ್ಟಿರಲಿಲ್ಲ. ಬೆಳಗಿನ ಬಿಸಿಲಿನಲ್ಲಿ ಕನಸಿನಷ್ಟು ನಿಧಾನವಾಗಿ, ಆ ಪುಟ್ಟ ಚೀಲ ನಾಲ್ಕು ಕೈಗಳಲ್ಲಿ ನಿಂತಿತ್ತು. ಮಗಳು ಕತ್ತೆತ್ತಿ ಎರಡೂ ಮುಖಗಳನ್ನು ನೋಡಿದಳು.

‘ಅಮ್ಮ, ಈಗ ಬಿಡು,’ ಎಂದಳು. ‘ಅಪ್ಪ ಹಿಡ್ಕೊಂಡಿದ್ದಾರೆ.’

ಲೋಕವು ಕೂಡಿಸುವವರನ್ನು ಹರಸುತ್ತದೆ, ಅಗಲಿಸುವವರನ್ನು ಶಂಕಿಸುತ್ತದೆ. ಈ ಎರಡೂ ಪಂಗಡಕ್ಕೆ ಸೇರದ ಕೆಲವರಿದ್ದಾರೆ. ಒಡೆದದ್ದನ್ನು ಬೆಸೆಯುವ ಆಸೆಯನ್ನು ಅವರು ತೋರಿಸುವುದಿಲ್ಲ, ಒಡೆದದ್ದರ ಲೆಕ್ಕವನ್ನೂ ಕೇಳುವುದಿಲ್ಲ. ಅವರ ಕಣ್ಣು ಇರುವುದು ಒಂದು ಕೈಯಿಂದ ಇನ್ನೊಂದು ಕೈಗೆ ದಾಟುತ್ತಿರುವುದರ ಮೇಲೆ ಮಾತ್ರ. ಅದು ದಾಟಿತೆಂದರೆ ಅವರನ್ನು ಯಾರೂ ನೆನೆಯುವುದಿಲ್ಲ. ನೆನೆಯಬೇಕೆಂದು ಅವರೂ ಬಯಸುವುದಿಲ್ಲ. ನನಗೆ ಮಾತ್ರ ಈಗೀಗ ಯಾವುದಾದರೂ ಬಾಗಿಲನ್ನು ದಾಟುವಾಗ ಕಾಲು ತಾನಾಗಿ ತಡೆಯುತ್ತದೆ. ಹಿಂದಿನವರು ಬಂದು ಬೆನ್ನಿಗೆ ತಾಗುತ್ತಾರೆ.