ಮತಿಲೇತಾ ಹೆಣೆದ ಚಾಪೆ

ನಾನು ಚಾಪೆ ಅಡ ಇಟ್ಟುಕೊಂಡು ಸಾಲ ಕೊಡುವವಳು. ಚರ್ಚಿನಲ್ಲಿ ನನ್ನ ಪಕ್ಕ ಕೂರುವ ಹೆಂಗಸರು ಇದಕ್ಕೆ ಮೂಗು ಮುರಿಯುತ್ತಾರೆ. ಮುರಿಯಲಿ. ಮನೆಯಲ್ಲೊಂದು ಸಾವೋ ಮದುವೆಯೋ ಬಂದಾಗ ನನ್ನ ಹಿತ್ತಲ ಬಾಗಿಲಿಗೆ ಬಂದು, "ಪಿಸಿಲಕ್ಕಾ, ಮನೇಲಿದೀಯಾ?" ಎಂದು ಬೆಣ್ಣೆಯಂಥ ದನಿಯಲ್ಲಿ ಕರೆಯುವವರೂ ಇವರೇ. ನಮ್ಮ ತೊಂಗಾ ದ್ವೀಪದ ಹೆಂಗಸರ ಆಸ್ತಿ ಎಂದರೆ ಹಾಸಿಗೆಯ ಅಡಿಯಲ್ಲಿ ಹಾಸಿಟ್ಟ ಕೇದಗೆ ಗರಿಯ ಚಾಪೆಗಳು. ಬ್ಯಾಂಕಿನವರು ಚಾಪೆ ನೋಡಿ ದುಡ್ಡು ಕೊಡುತ್ತಾರೆಯೇ? ನಾನು ಕೊಡುತ್ತೇನೆ.

ಬಂದ ಚಾಪೆಗಳಲ್ಲಿ ಅರ್ಧಕ್ಕರ್ಧ ವಾಪಸು ಹೋಗುವುದಿಲ್ಲ. ಮೊದಲ ವರ್ಷ ಎಲ್ಲರೂ ಹಲ್ಲು ಕಚ್ಚಿ ಕಟ್ಟುತ್ತಾರೆ. ಎರಡನೆಯ ವರ್ಷ ನೆಪಗಳು ಶುರುವಾಗುತ್ತವೆ. ಮೂರನೆಯ ವರ್ಷ ನನ್ನನ್ನು ದೂರದಲ್ಲಿ ಕಂಡರೇ ಪಕ್ಕದ ಓಣಿಗೆ ನುಗ್ಗುತ್ತಾರೆ. ಮೂರು ತಿಂಗಳು ತಪ್ಪಿದರೆ ಚಾಪೆ ನನ್ನದು, ಆಕ್ಲೆಂಡಿನಿಂದ ರಜೆಗೆ ಬರುವ ನಮ್ಮವರಿಗೆ ಮಾರುತ್ತೇನೆ, ಇದನ್ನು ಮೊದಲ ದಿನವೇ ಮುಖಕ್ಕೆ ಹೇಳಿರುತ್ತೇನೆ. ಬೈಯುವವರು ಬೈದುಕೊಳ್ಳಲಿ.

ಸೈಲೋಸೆ ಮಾತ್ರ ಓಣಿಗೆ ನುಗ್ಗಿದವಳಲ್ಲ.

ಅವಳು ಮೊದಲು ಬಂದಾಗ ಜೊತೆಗೆ ಅವಳ ಗಂಡ ಸೂನಿಯಾ, ತಾಯಿ ಮತಿಲೇತಾ ಇದ್ದರು. ಸೂನಿಯಾನಿಗೆ ದೋಣಿ ಬೇಕಿತ್ತು, ಒಂಬತ್ತು ಸಾವಿರ ಪಾಂಗಾ. ಅಷ್ಟು ದೊಡ್ಡ ಸಾಲ ನಾನು ಯಾರಿಗೂ ಕೊಟ್ಟಿರಲಿಲ್ಲ. ಇಲ್ಲ ಎನ್ನಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಮತಿಲೇತಾ ತಾನೇ ಬಗ್ಗಿ ಚಾಪೆಯನ್ನು ನನ್ನ ನೆಲದ ಮೇಲೆ ಬಿಚ್ಚಿದಳು. ಅಯ್ಯೋ, ಅದನ್ನು ಚಾಪೆ ಎನ್ನಲು ಮನಸ್ಸು ಬರುವುದಿಲ್ಲ. ಗರಿಯನ್ನು ಕೂದಲೆಳೆಯ ಹಾಗೆ ಸೀಳಿ, ಮೂರು ವರ್ಷ ಕೂತು ಹೆಣೆದದ್ದು. ಕೈಯಲ್ಲಿ ಹಿಡಿದರೆ ಬಟ್ಟೆಯ ಹಾಗೆ ಮಡಚಿಕೊಳ್ಳುತ್ತಿತ್ತು. ನನ್ನ ಕೋಣೆಯ ಅಷ್ಟೂ ಚಾಪೆಗಳನ್ನು ಒಟ್ಟು ಹಾಕಿದರೂ ಅದಕ್ಕೆ ಸಾಟಿಯಿರಲಿಲ್ಲ.

"ಇದು ನನ್ನ ಕೊನೇ ಹಾಸಿಗೆ ಕಣೇ ಪಿಸಿಲಾ," ಎಂದಳು ಮತಿಲೇತಾ. "ಇದ್ರ ಮೇಲೇ ನನ್ನ ಮಣ್ಣಿಗೆ ಇಳಿಸ್ಬೇಕು. ಅಷ್ಟ್ರೊಳಗೆ ಇವಳು ಬಿಡಿಸ್ಕೊಳ್ತಾಳೆ."

"ಬಿಡಿಸ್ಕೊಳ್ದೇ ಇದ್ರೆ, ದೊಡ್ಡಮ್ಮ?"

"ಬಿಡಿಸ್ಕೊಳ್ಳೋವರೆಗೂ ನಾನು ಸಾಯಲ್ಲ. ಮುಗೀತಲ್ಲ!" ಎಂದು ಹೊಟ್ಟೆ ಕುಲುಕಿಸಿ ನಕ್ಕಳು. ನಾನೂ ನಕ್ಕು ದುಡ್ಡು ಎಣಿಸಿಕೊಟ್ಟೆ.

ಮೂರನೆಯ ವರ್ಷ ಚಂಡಮಾರುತ ಬಂತು. ದೋಣಿಯನ್ನು ಎತ್ತಿ ಹವಳದ ದಿಬ್ಬಕ್ಕೆ ಬಡಿಯಿತು. ಹಲಗೆಗಳು ಊರ ಮಕ್ಕಳಿಗೆ ಆಟಕ್ಕಾದವು, ಸಾಲ ಮಾತ್ರ ಇದ್ದಲ್ಲೇ ಇತ್ತು. ಸೂನಿಯಾ ತಲೆಯ ಮೇಲೆ ಕೈ ಹೊತ್ತು ಕೂತವನು, ಮತ್ತು ಬರಿಸುವ ಕಾವಾ ಬೇರಿನ ರಸ ಕುಡಿಯುವವರ ಗುಂಪಿನಿಂದ ಏಳಲೇ ಇಲ್ಲ. ಇನ್ನು ಈ ಸಾಲ ಹೋದ ಹಾಗೇ ಎಂದುಕೊಂಡೆ. ಚಾಪೆಯ ಮೇಲೆ ನನಗೆ ಕಣ್ಣಿತ್ತು, ಮುಚ್ಚಿಡುವುದೇನು.

ಆದರೆ ಮುಂದಿನ ತಿಂಗಳ ಮೊದಲ ಶನಿವಾರ ಗೇಟು ಕಿರ್ ಎಂದಿತು. ಸೈಲೋಸೆ ನಿಂತಿದ್ದಳು. ಕಾಲು ಮೊಣಕಾಲಿನವರೆಗೆ ಒದ್ದೆ. ಹಿನ್ನೀರಿನಲ್ಲಿ ಇಳಿದು ಕಡಲಪಾಚಿ ಕಿತ್ತು ಸಂತೆಯಲ್ಲಿ ಮಾರಿ ನೇರವಾಗಿ ಬಂದಿದ್ದಳು. ಹಿಡಿಯಲ್ಲಿದ್ದ ನೋಟುಗಳನ್ನು ನನ್ನ ಮುಂದಿಟ್ಟು, "ಪಿಸಿಲಕ್ಕ, ಚಾಪೆ ಬಿಸಿಲಿಗೆ ಹಾಕ್ಲಾ?" ಎಂದಳು.

"ನಮ್ಮನೇಲಿ ಆಳಿದಾರೆ, ಹಾಕ್ತಾರೆ."

"ಅವ್ರು ಎಳೆದಾಡ್ತಾರೆ. ನಾನೇ ಹಾಕ್ತೀನಿ."

ಆವತ್ತಿನಿಂದ ಅದು ಅವಳ ರೂಢಿಯಾಯಿತು. ದುಡ್ಡು ಕೊಡುವುದು, ಚಾಪೆಯನ್ನು ಮಗುವಿನ ಹಾಗೆ ತೋಳಿನಲ್ಲಿ ಹೊತ್ತು ತಂದು ನನ್ನ ದೀವಿಹಲಸಿನ ಮರದಾಚೆಯ ಹುಲ್ಲಿನ ಮೇಲೆ ಹರಡುವುದು, ಬಿಸಿಲು ಇಳಿಯುವವರೆಗೆ ಅದರ ಅಂಚಿನಲ್ಲಿ ಕೂರುವುದು. ಕೊಟ್ಟದ್ದರಲ್ಲಿ ಮುಕ್ಕಾಲು ಪಾಲು ಬಡ್ಡಿಗೇ ಹೋಗುತ್ತಿತ್ತು. ಅಸಲು ಕರಗುವುದು ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಬೇರೆಯವರಾಗಿದ್ದರೆ ಎಂದೋ ಕೈ ಚೆಲ್ಲುತ್ತಿದ್ದರು. ಇವಳಿಗೆ ಚಾಪೆಯ ಪಕ್ಕ ಕೂರುವ ಆ ಎರಡು ಗಂಟೆ ಸಾಕಾಗುತ್ತಿತ್ತು.

ಒಂದು ಸಲ ನಾನು ಚಹಾ ಹಿಡಿದು ಹೋಗಿ ಪಕ್ಕದಲ್ಲಿ ಕೂತೆ. ಅವಳು ನನ್ನ ಬೆರಳು ಹಿಡಿದು ಚಾಪೆಯ ಒಂದು ಜಾಗದ ಮೇಲೆ ಆಡಿಸಿದಳು.

"ಇಲ್ಲಿ ಹೆಣಿಗೆ ಸಡಿಲ ಇದೆ, ಗೊತ್ತಾಯ್ತಾ?"

"ಹ್ಞೂಂ. ನಿಮ್ಮಮ್ಮನ ಕೈ ತಪ್ಪಿದೆ."

"ತಪ್ಪಿಲ್ಲಕ್ಕ. ಇಲ್ಲಿ ಅಮ್ಮಂಗೆ ನೋವು ಕಾಣಿಸ್ಕೊಂತು. ಇಲ್ಲೇ ನಾನು ಹುಟ್ಟಿದ್ದು. ಹತ್ತು ದಿನ ಬಿಟ್ಟು ಮತ್ತೆ ಬಿಗಿಯಾಗಿದೆ ನೋಡು."

ನನಗೆ ಮಕ್ಕಳಿಲ್ಲ. ನನ್ನ ತಾಯಿ ನನಗೆಂದು ಒಂದು ಬೀಸಣಿಗೆಯನ್ನೂ ಹೆಣೆದವಳಲ್ಲ. ಆ ದಿನ ನನಗೆ ಸಿಟ್ಟೇ ಬಂತು. "ಹೋಗು ಹೋಗು, ಬಿಸಿಲು ಇಳೀತು" ಎಂದು ಅವಳನ್ನು ಎಬ್ಬಿಸಿಬಿಟ್ಟೆ. ಮುಂದಿನ ತಿಂಗಳು ಮಾತ್ರ ಬೆಳಗಿನಿಂದಲೇ ಗೇಟಿನ ಕಡೆ ನೋಡುತ್ತಿದ್ದೆ.

ಏಳನೆಯ ವರ್ಷ ಅವಳು ಸೋತಿದ್ದಳು. ಇತರರಿಗೆ ಚಾಪೆ ಹೆಣೆದು ಹೆಣೆದು ಬೆರಳ ಗೆಣ್ಣುಗಳು ಊದಿದ್ದವು. ಆ ಕ್ರಿಸ್‌ಮಸ್‌ಗೆ ಆಕ್ಲೆಂಡಿನಿಂದ ಒಬ್ಬಳು ಬಂದಿದ್ದಳು, ಕಪ್ಪು ಕನ್ನಡಕ, ಮೈತುಂಬ ಸೆಂಟು. ಹುಲ್ಲಿನ ಮೇಲಿದ್ದ ಚಾಪೆ ನೋಡಿ ಕನ್ನಡಕ ತೆಗೆದಳು. ಮಗಳ ಮದುವೆಗೆ ಬೇಕು, ಎಷ್ಟಾದರೂ ಸರಿ ಎಂದಳು. ಅವಳು ಹೇಳಿದ ಮೊತ್ತದಲ್ಲಿ ಸೈಲೋಸೆಯ ಸಾಲವೆಲ್ಲ ತೀರಿ, ಇನ್ನೊಂದು ದೋಣಿಯೂ ಬರುತ್ತಿತ್ತು.

"ಹೇಳು," ಎಂದೆ ನಾನು. "ಇವತ್ತು ಹ್ಞೂಂ ಅಂದ್ರೆ ನಾಳೆಯಿಂದ ನೀನು ನೀರಿಗಿಳಿಯೋದೇ ಬೇಡ."

ಸೈಲೋಸೆ ಊದಿದ ಬೆರಳುಗಳನ್ನು ನೀವಿಕೊಂಡಳು. ಆಮೇಲೆ, "ಅಕ್ಕ, ನಂಗೆ ಸಾಕಾಗಿದೆ. ರಾತ್ರಿ ಕಣ್ಣು ಮುಚ್ಚಿದ್ರೂ ಕೈ ಹೆಣೀತಾನೇ ಇರತ್ತೆ," ಎಂದು ಅತ್ತಳು. ಆಕ್ಲೆಂಡಿನವಳು ಕೈಚೀಲ ತೆರೆದಳು. ಸೈಲೋಸೆ ಚಾಪೆ ಸುತ್ತಲು ಬಗ್ಗಿದಳು, ಮುಖಕ್ಕೆ ಒತ್ತಿಕೊಂಡಳು, ಹಾಗೇ ನಿಂತುಬಿಟ್ಟಳು.

"ಅಮ್ಮನ ವಾಸನೆ ಇದೆ ಇದ್ರಲ್ಲಿ. ಕೊಡಲ್ಲ."

"ಏಳು ವರ್ಷ ನನ್ನ ಕೋಣೇಲಿ ಬಿದ್ದಿದೆ. ನನ್ನ ವಾಸನೆ ಇರ್ಬೇಕು," ಎಂದು ಆಡಿಕೊಂಡೆ.

"ನಿಂದೂ ಇದೆ," ಎಂದಳು, ಅಳುತ್ತಲೇ ನಕ್ಕು. ಆಕ್ಲೆಂಡಿನವಳು ನನ್ನನ್ನು ಬೈದು ಹೋದಳು. ಕೈಗೆ ಬಂದದ್ದು ಹೋಯಿತಲ್ಲ ಎಂದು ನನಗೆ ಆ ವಾರವೆಲ್ಲ ಹೊಟ್ಟೆ ಉರಿಯಬೇಕಿತ್ತು. ಉರಿಯಲಿಲ್ಲ, ಯಾಕೋ ನೆಮ್ಮದಿಯಾಯಿತು.

ಹನ್ನೊಂದನೆಯ ವರ್ಷ, ಇನ್ನು ಒಂದು ವರ್ಷ ಕಟ್ಟಿದರೆ ಮುಗಿಯಿತು ಎನ್ನುವಾಗ, ಮತಿಲೇತಾಳಿಗೆ ಲಕ್ವ ಹೊಡೆಯಿತು. ಊರಿಗೆಲ್ಲ ಸುದ್ದಿ ಗೊತ್ತಿತ್ತು. ಬುಧವಾರ ಮಧ್ಯಾಹ್ನ ಸೈಲೋಸೆ ಬಂದಳು, ಕೈಯಲ್ಲಿ ದುಡ್ಡಿರಲಿಲ್ಲ.

"ಬಿಸಿಲಿಗೆ ಹಾಕ್ಲಾ, ಅಕ್ಕ?"

"ಇವತ್ತು ಶನಿವಾರ ಅಲ್ವಲ್ಲೇ."

"ಗೊತ್ತು."

ಚಾಪೆ ಮನೆಗೆ ಕೊಡು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಗದರಿ ಕಳಿಸುತ್ತಿದ್ದೆ. ಪೂರ್ತಿ ತೀರದೆ ಚಾಪೆ ಗೇಟು ದಾಟಬಾರದು ಎನ್ನುವುದು ನನ್ನ ಕಟ್ಟುನಿಟ್ಟು. ಒಬ್ಬಳಿಗೆ ಬಿಟ್ಟರೆ ಮಾರನೆಯ ದಿನ ಊರೇ ಬಂದು ಬಾಗಿಲಲ್ಲಿ ಅಳುತ್ತದೆ. ಅವಳು ಚಾಪೆ ಹರಡಿ ಅದರ ಮೇಲೆ ಅಂಗೈ ಊರಿ ಕೂತಳು. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ. ಕೊನೆಗೆ ತಡೆಯಲಾರದೆ ಹೊರಗೆ ಹೋದೆ.

"ಎತ್ತು ಆ ತುದಿ," ಎಂದೆ. "ಚಾಪೆ ಎಲ್ಲಿ ಹೋಗತ್ತೋ ನಾನೂ ಅಲ್ಲಿಗೆ ಬರ್ತೀನಿ. ನನ್ನ ಜೊತೆ ಹೋಗಿ ನನ್ನ ಜೊತೇನೇ ವಾಪಸ್ ಬರತ್ತೆ. ತಿಳೀತಾ?"

ಅವಳು ತಲೆಯಾಡಿಸಿದಳು. ನನ್ನ ಅಣ್ಣನ ಮಗನ ಪಿಕಪ್ಪಿನ ಹಿಂದೆ ಚಾಪೆಯನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಕೂತು ಹೋದೆವು.

ಅಂದು ಹೊಟ್ಟೆ ಕುಲುಕಿಸಿ ನಕ್ಕಿದ್ದ ಮತಿಲೇತಾ ಹಿಡಿಯಷ್ಟಾಗಿದ್ದಳು. ಎಡ ಮೈ ಬಿದ್ದುಹೋಗಿತ್ತು. ಸೂನಿಯಾ ಅವಳನ್ನು ಎತ್ತಿಕೊಂಡ, ನಾವು ಚಾಪೆ ಹಾಸಿದೆವು, ಅದರ ಮೇಲೆ ಮಲಗಿಸಿದೆವು. ಮೊದಲು ಅವಳಿಗೆ ತಿಳಿಯಲಿಲ್ಲ. ಆಮೇಲೆ ಬಲಗೈ ಮೆಲ್ಲಗೆ ಹೆಣಿಗೆಯ ಮೇಲೆ ಹರಿದಾಡಿತು, ನಿಂತಿತು. ಕಣ್ಣು ತೆರೆದು ಮಗಳನ್ನು ನೋಡಿದಳು.

"ತೀರ್ತಾ?" ಎಂದಳು. ಮಾತು ಕಲಸಿಹೋಗಿತ್ತು, ಆದರೂ ಎಲ್ಲರಿಗೂ ತಿಳಿಯಿತು.

ಸೈಲೋಸೆ ಬಾಯಿ ತೆರೆದಳು. ಅವಳ ಬಾಯಲ್ಲಿ ಸುಳ್ಳು ಬರುವುದಿಲ್ಲ, ಅದು ಅವಳ ದರಿದ್ರ. ನನ್ನತ್ತ ನೋಡಿದಳು.

"ತೀರ್ತು, ದೊಡ್ಡಮ್ಮ," ಎಂದೆ ನಾನು. "ಒಂದು ಪಾಂಗಾನೂ ಬಾಕಿ ಇಲ್ಲ. ನಿನ್ನ ಮಗಳು ಗಟ್ಟಿಗಿತ್ತಿ."

ಮತಿಲೇತಾಳ ಅರ್ಧ ಮುಖ ನಕ್ಕಿತು. "ಹಾಗಾದ್ರೆ ಹೋಗ್ಲಾ?" ಎಂದಳು.

ಮಾರನೆಯ ಮಧ್ಯಾಹ್ನ ಹೋದಳು. ನಾನು ವಾಪಸು ಬಂದಿರಲೇ ಇಲ್ಲ, ಅವಳ ತಲೆಯ ಹತ್ತಿರವೇ ಕೂತಿದ್ದೆ. ಸತ್ತವಳ ಅಡಿಯಿಂದ ಚಾಪೆ ಎಳೆಯುವಂಥ ಹೆಂಗಸು ಈ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. ಹಾಡು, ಪ್ರಾರ್ಥನೆ, ಊಟ ಎಲ್ಲ ಮುಗಿದ ಮೇಲೆ ಅದನ್ನೇ ಸುತ್ತಿ ಅವಳನ್ನು ಇಳಿಸಿದರು, ಮೇಲೆ ಬಿಳಿ ಮರಳು ಸುರಿದರು. ನನ್ನ ಅಡವು ಕಣ್ಣೆದುರೇ ಮಣ್ಣಿಗೆ ಹೋಯಿತು, ನಾನೂ ಒಂದು ಹಿಡಿ ಮರಳು ಹಾಕಿದೆ.

ವಾಪಸು ಹೊರಡುವಾಗ ಸೈಲೋಸೆ ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಇನ್ನೂ ಬಾಕಿ ಇದೆ ಅಂದಿದ್ರೆ, ಇನ್ನೆರಡು ದಿನ ಇರ್ತಿದ್ಲೇನೋ ಅಕ್ಕ."

ಅವಳ ಕೈ ಮೆಲ್ಲಗೆ ಬಿಡಿಸಿ ಮನೆಯ ದಾರಿ ಹಿಡಿದೆ.

ಮುಂದಿನ ತಿಂಗಳ ಮೊದಲ ಶನಿವಾರ ನಾನು ಯಾರನ್ನೂ ಕಾಯುತ್ತಿರಲಿಲ್ಲ. ಗೇಟು ಕಿರ್ ಎಂದಿತು. ಒದ್ದೆ ಕಾಲಿನಲ್ಲಿ ಸೈಲೋಸೆ ಬಂದು ನೋಟುಗಳನ್ನು ಮುಂದಿಟ್ಟಳು.

"ಏನೇ ಇದು? ಬುದ್ಧಿ ಇದೆಯಾ ನಿಂಗೆ? ಚಾಪೇನೇ ಇಲ್ಲ, ಎಂಥ ಸಾಲ? ಅವತ್ತೇ ತೀರ್ತು ಅಂದೆನಲ್ಲ!"

"ದೋಣಿ ಇಲ್ದೇ ಇಷ್ಟು ವರ್ಷ ಕಟ್ಟಿದೀನಿ. ಚಾಪೆ ಇಲ್ದೇ ಒಂದು ವರ್ಷ ಕಟ್ಟಕ್ಕಾಗಲ್ವಾ?"

"ನಂಗೆ ಬೇಡ ಕಣೇ. ತಗೊಂಡು ಹೋಗು."

ಅವಳಿಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನಿಂಗೆ ಬೇಡ್ದೇ ಇರ್ಬಹುದು. ನನ್ನಮ್ಮ ಅಡವಿಟ್ಟ ಚಾಪೆ ಮೇಲೆ ಮಲಗಿದಾಳೆ. ಬಿಡಿಸ್ಕೊಡ್ದೇ ಬಿಡ್ತೀನಾ ನಾನು?"

ನೋಟು ಎತ್ತಿಟ್ಟುಕೊಂಡೆ. ಅವಳು ಹೊರಗೆ ಹೋದಳು, ಅಭ್ಯಾಸಬಲದಿಂದ ಹುಲ್ಲಿನ ಹತ್ತಿರ ಹೋಗಿ ನಿಂತಳು, ಹರಡಲು ಏನೂ ಇರಲಿಲ್ಲ. ಆದರೂ ಕೂತಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಇಬ್ಬರೂ ಬರಿಯ ಹುಲ್ಲನ್ನು ನೋಡುತ್ತಾ, ಅವಳಿಗೆ ಅವಳ ತಾಯಿ ಬೇಕು, ನನಗೆ ಏನು ಬೇಕೋ ನನಗೇ ಗೊತ್ತಿಲ್ಲ, ಬಿಸಿಲು ಇಳಿಯುವವರೆಗೆ ಕೂತಿದ್ದೆವು. ಆ ವರ್ಷ ಒಂದು ತಿಂಗಳೂ ಅವಳು ತಪ್ಪಿಸಲಿಲ್ಲ, ನಾನೂ ಬಡ್ಡಿ ಬಿಡಲಿಲ್ಲ. ಬಿಟ್ಟಿದ್ದರೆ ಅವಳು ತೆಗೆದುಕೊಳ್ಳುತ್ತಿರಲಿಲ್ಲ.

ಕೊನೆಯ ಕಂತು ಕೊಟ್ಟ ದಿನ ಅವಳು ಹುಲ್ಲಿನ ಕಡೆ ಹೋಗಲಿಲ್ಲ.

"ನಡಿ ಅಕ್ಕ. ಸುಳ್ಳು ಹೇಳ್ದೋಳು ನೀನು, ನೀನೂ ಬರ್ಬೇಕು."

ಸಮಾಧಿಯ ಮೇಲಿನ ಮರಳು ಮಳೆಗೆ ತಗ್ಗಾಗಿತ್ತು. ಅವಳು ಮೊಣಕಾಲೂರಿ ಅಂಗೈಯಿಂದ ಅದನ್ನು ಸಮ ಮಾಡಿದಳು. ನಾನು ಹಿಂದೆ ನಿಂತಿದ್ದೆ, ಬೈಸಿಕೊಳ್ಳಲು ಬಂದ ಹುಡುಗಿಯ ಹಾಗೆ.

"ಅಮ್ಮಾ," ಎಂದಳು ಸೈಲೋಸೆ, ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಕರೆಯುವಷ್ಟೇ ದನಿಯಲ್ಲಿ. "ಅವತ್ತು ಪಿಸಿಲಕ್ಕ ಹೇಳಿದ್ದು ಸುಳ್ಳು. ಬೇಜಾರು ಮಾಡ್ಕೋಬೇಡ. ಇವತ್ತು ತೀರ್ತು. ಈಗ ಚಾಪೆ ನಿಂದೇ. ಮಲ್ಕೋ."