ತಿರುಗಿಸಿಟ್ಟ ದಿಂಬು

ದೂರದ ಊರಿನ ದುಡಿಮೆ ಬಿಟ್ಟು ವೆಲ್ಡರ್ ಮನೆಗೆ ಮರಳಿ ತಿಂಗಳಾಗುತ್ತ ಬಂದಿತ್ತು. ಹಗಲೆಲ್ಲ ಮಲಗುತ್ತಿದ್ದ. ಹೊತ್ತು ಇಳಿಯುತ್ತಲೇ ಎದ್ದು, ಚಾದರ ಕೊಡವಿ, ದಿಂಬು ತಿರುಗಿಸಿಟ್ಟು, ಜಗಲಿಯಲ್ಲಿ ಕೂತುಬಿಡುತ್ತಿದ್ದ. ಬೆಳಗಾಗುವವರೆಗೆ ಆ ಹಾಸಿಗೆ ಖಾಲಿ. ಒಮ್ಮೆ ಹೆಂಡತಿ ಅದರ ಮೇಲೆ ಒರಗಿದ್ದಕ್ಕೆ ತೋಳು ಹಿಡಿದು ಎಬ್ಬಿಸಿದ್ದ, ಅವನು ಬರೋ ಹೊತ್ತಾಯ್ತು ಎಂದು. ಯಾರು ಎಂದರೆ ಜಗಲಿಗೆ ನಡೆದುಬಿಟ್ಟಿದ್ದ.

ಅಮ್ಮ ಮೊದಮೊದಲು ನಕ್ಕಳು. ದುಡಿಯೋಕೆ ಕಳಿಸಿದ್ದು ಮಗನನ್ನ, ವಾಪಸ್ ಬಂದಿದ್ದು ಗೂಬೆ ಎಂದು ಪಕ್ಕದ ಮನೆಯವರಿಗೂ ಹೇಳಿದಳು. ಹೆಂಡತಿಗೆ ನಗು ಬರಲಿಲ್ಲ. ಒಂದು ಮಧ್ಯಾಹ್ನ ಅವಳು ಬಟ್ಟೆಯ ಗಂಟು ಕಟ್ಟಿ ಬಾಗಿಲಲ್ಲಿಟ್ಟಳು.

"ಇಷ್ಟು ವರ್ಷ ಖಾಲಿ ಹಾಸಿಗೆ ಜೊತೆ ಸಂಸಾರ ಮಾಡಿದ್ದಾಯ್ತು. ನೀವು ಬಂದ ಮೇಲೂ ಅದೇ ಅಂದ್ರೆ, ನನ್ನ ತವರಲ್ಲೂ ಒಂದು ಖಾಲಿ ಹಾಸಿಗೆ ಇದೆ."

ಅವನು ಗಂಟಿನ ಮೇಲೆ ಕೈ ಇಟ್ಟು ತಡೆದ. ಆಮೇಲೆ ಬಾಯಿ ಬಿಟ್ಟ.

ಅಲ್ಲಿ ಇಬ್ಬರಿಗೆ ಒಂದೇ ಮಂಚ. ಇವನದು ರಾತ್ರಿ ಪಾಳಿ, ಉದ್ದಣ್ಣನದು ಹಗಲು. ಉದ್ದಣ್ಣನೂ ವೆಲ್ಡರ್ರೇ, ಕಾಲು ಮಂಚದಾಚೆ ಚಾಚುತ್ತಿದ್ದುದರಿಂದ ಆ ಹೆಸರು. ಕಿಟಕಿಯಿಲ್ಲದ ಕೋಣೆ; ಗಾಳಿ ಆಡದ ಕಡೆ ಬೆವರು ಆರುವುದಿಲ್ಲ. ಹಾಗಾಗಿ ಎದ್ದವನು ದಿಂಬು ತಿರುಗಿಸಿ, ಒಣಗಿದ ಮಗ್ಗುಲನ್ನು ಬರುವವನಿಗೆ ಬಿಡಬೇಕು. ಇಬ್ಬರೂ ಕೂತು ಮಾತಾಡಿದ್ದೇ ಕಡಿಮೆ. ಆ ದಿಂಬೇ ಅವರ ಕುಶಲೋಪರಿ.

ಒಂದು ಸಂಜೆ ಇವನಿಗೆ ಮೈ ಸುಡುವ ಜ್ವರ. ದಿನವಿಡೀ ದುಡಿದು ಬಂದ ಉದ್ದಣ್ಣ ಹಣೆ ಮುಟ್ಟಿ ನೋಡಿದ. ನೀನು ಮಲಗು, ನಿನ್ನ ಪಾಳಿ ನಾನೇ ನೋಡ್ಕೋತೀನಿ ಎಂದು ಮತ್ತೆ ಕಟ್ಟಡದ ಅಟ್ಟಣಿಗೆ ಹತ್ತಿದ. ನಿದ್ದೆಗಣ್ಣಲ್ಲಿ ಹಲಗೆಯಿಂದ ಕಾಲು ಜಾರಿತು; ಅಷ್ಟೆತ್ತರದಿಂದ ಬಿದ್ದವನು ಮತ್ತೆ ಏಳಲಿಲ್ಲ.

"ಬೆಳಿಗ್ಗೆ ಎದ್ದು ದಿಂಬು ತಿರುಗಿಸಿಟ್ಟು ಕಾದೆ," ಎಂದ ವೆಲ್ಡರ್. "ಅವನು ಮಲಗಬೇಕಿದ್ದ ರಾತ್ರೀನ ನಾನು ಮಲಗಿಬಿಟ್ಟೆ. ಈಗ ಕತ್ತಲಾದ್ರೆ ಸಾಕು, ಬಾಗಿಲ ಹತ್ರ ನಿಂತಿರ್ತಾನೆ. ಏಳು ಅನ್ನಲ್ಲ. ಸುಮ್ಮನೆ ನಿಂತಿರ್ತಾನೆ."

ಹೆಂಡತಿ ಗಂಟಿನ ಪಕ್ಕದಲ್ಲೇ ಕೂತಳು. ಅಮ್ಮ ಮಾತ್ರ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿನ್ನನ್ನ ನಮಗೆ ಉಳಿಸಿಕೊಟ್ಟವನನ್ನ ಇಷ್ಟು ದಿನ ಬಾಗಿಲಲ್ಲಿ ನಿಲ್ಲಿಸಿದ್ದೀಯಲ್ಲೋ. ಅಲ್ಲಿ ಒಂದೇ ಮಂಚ ಇತ್ತು, ಸರಿ. ಇಲ್ಲಿ ಏನು ಬಡತನ?"

ಸಂಜೆ ಅವಳು ಮಗನ ಹಾಸಿಗೆಯ ಪಕ್ಕ ಇನ್ನೊಂದು ಹಾಸಿದಳು. ಉದ್ದದ ಆಳು ಎಂದು ಸೊಸೆ ಕಾಲ ಕಡೆಗೊಂದು ಕಂಬಳಿ ಮಡಿಸಿ ಸೇರಿಸಿದಳು. ಅದಕ್ಕಿಟ್ಟ ದಿಂಬಿನ ಒಂದು ಮಗ್ಗುಲಿಗೆ ತೇಪೆ ಹಾಕಿತ್ತು. ಅತಿಥಿಗೆ ಚುಚ್ಚದಿರಲೆಂದು ಅಮ್ಮ ತೇಪೆಯನ್ನು ಕೆಳಗೆ ಮಾಡಿಟ್ಟಳು. "ಬಾ ಮಗಾ, ಮಲಗು," ಎಂದಳು, ತೆರೆದ ಬಾಗಿಲಿನತ್ತ.

ಅವತ್ತು ಕತ್ತಲಾದ ಮೇಲೆ ವೆಲ್ಡರ್ ಜಗಲಿಗೆ ಹೋಗಲಿಲ್ಲ. ಹೆಂಡತಿಯ ಕೈ ಹಿಡಿದು ಮಲಗಿದ.

ಬೆಳಿಗ್ಗೆ ಮೂವರೂ ಆ ಹಾಸಿಗೆಯ ಮುಂದೆ ನಿಂತರು. ಕಂಬಳಿ ನೀಟಾಗಿ ಮಡಿಸಿಟ್ಟ ಹಾಗೇ ಇತ್ತು. ದಿಂಬಿನ ತೇಪೆ ಮಾತ್ರ ಮೇಲಿತ್ತು.

ಯಾರು ತಿರುಗಿಸಿದ್ದು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಹೆಂಡತಿ ಒಳಗೆ ಹೋಗಿ ಗಂಟು ಬಿಚ್ಚಿದಳು. ವೆಲ್ಡರ್ ಬಗ್ಗಿ ದಿಂಬಿನ ಮೇಲೆ ಅಂಗೈ ಇಟ್ಟ. ಒಣಗಿತ್ತು.